‘ಫೇಲ್’ ಎಂಬ ಪದ ಮತ್ತು ಡಯಾಲಿಸಿಸ್ ಪಾಠ: ಹತ್ತನೆಯ ತರಗತಿಯ ‘ವಿಸರ್ಜನೆ’ ಕಲಿಕಾಂಶಕ್ಕೆ ಎರಡು ಅವಧಿಗಳ ಯೋಜನೆ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ‘ಜೀವಕ್ರಿಯೆಗಳು’ ಘಟಕದ ಕೊನೆಯ ಭಾಗ ವಿಸರ್ಜನೆ. ಮೂತ್ರಪಿಂಡದ ರಚನೆ, ನೆಫ್ರಾನ್‌ನ ಚಿತ್ರ, ಮೂತ್ರ ಉತ್ಪತ್ತಿಯ ಹಂತಗಳ ಜೊತೆಗೆ ಒಂದು ಚೌಕಟ್ಟಿನಲ್ಲಿ ಕೃತಕ ಮೂತ್ರಪಿಂಡದ ವಿವರಣೆ ಬರುತ್ತದೆ. ನೆಫ್ರಾನ್ ಚಿತ್ರವನ್ನು ನಾವು ಮೂರು ನಾಲ್ಕು ಬಾರಿ ಬರೆಸುತ್ತೇವೆ. ಚೌಕಟ್ಟನ್ನು ಒಬ್ಬ ವಿದ್ಯಾರ್ಥಿಯಿಂದ ಓದಿಸಿ ಮುಂದೆ ಹೋಗುತ್ತೇವೆ. ಆದರೆ ಮಕ್ಕಳು ಶಾಲೆಯ ಹೊರಗೆ ಹೆಚ್ಚಾಗಿ ಕೇಳುವುದು ಈ ಚೌಕಟ್ಟಿನ ಮಾತನ್ನೇ. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ನೆಂಟರ ಮನೆಯಲ್ಲಿ ‘ಕಿಡ್ನಿ ಫೇಲ್ ಆಗಿದೆಯಂತೆ’, ‘ಡಯಾಲಿಸಿಸ್‌ಗೆ ಹಾಕಿದ್ದಾರಂತೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಮಾತಿನ ಹಿಂದೆ ‘ಇನ್ನೇನು ಮುಗಿಯಿತು’ ಎಂಬ ಧ್ವನಿಯೂ ಇರುತ್ತದೆ.

ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಈ ಚೌಕಟ್ಟಿಗೆ 40 ನಿಮಿಷಗಳ ಎರಡು ಅವಧಿಗಳನ್ನು ಕೊಟ್ಟು ಪಾಠ ಮಾಡಿದೆ. ಮೊದಲ ಅವಧಿಯಲ್ಲಿ ಮೂತ್ರಪಿಂಡ ಸೋಲುವುದೆಂದರೇನು, ಯಂತ್ರ ಏನು ಮಾಡುತ್ತದೆ ಎಂಬ ವಿಜ್ಞಾನ. ಎರಡನೆಯದರಲ್ಲಿ, ಡಯಾಲಿಸಿಸ್ ಬೇಕಾಗಬಹುದು ಎಂದು ವೈದ್ಯರು ಹೇಳಿದ ದಿನದಿಂದ ಅದು ಆರಂಭವಾಗುವ ದಿನದವರೆಗಿನ ಕಾಲವನ್ನು ಒಂದು ಮನೆ ಹೇಗೆ ಬಳಸಿಕೊಳ್ಳಬಹುದು ಎಂಬ ಚಟುವಟಿಕೆ. ಹಲವರಿಗೆ ಈ ನಡುವಿನ ಕಾಲ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಹೆದರಿಕೆ ಮೊದಲು ನುಂಗುವುದು ಈ ಕಾಲವನ್ನೇ. ಪಾಠ ಇದನ್ನು ಮುಟ್ಟದಿದ್ದರೆ ಚಿತ್ರ ಎಷ್ಟು ಚೆನ್ನಾಗಿ ಬರೆಸಿದರೂ ಮಗುವಿನ ಮನೆಗೆ ಪಾಠ ತಲುಪುವುದಿಲ್ಲ ಎಂಬುದು ಈ ಲೇಖನದ ವಾದ.

ಪೂರ್ವಜ್ಞಾನದ ಪರಿಶೀಲನೆ

ಪಾಠದ ಹಿಂದಿನ ದಿನ ಹೆಸರು ಬರೆಯದ ಚೀಟಿಗಳಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಪಡೆದೆ. ‘ಕಿಡ್ನಿ ಫೇಲ್ ಎಂದರೆ ಏನು?’ ‘ಡಯಾಲಿಸಿಸ್ ಎಂದರೆ ಏನು?’ ಉತ್ತರಗಳನ್ನು ವಿಂಗಡಿಸಿದಾಗ ಐದು ತಪ್ಪು ಗ್ರಹಿಕೆಗಳು ಮತ್ತೆ ಮತ್ತೆ ಕಂಡವು.

1. ಕಿಡ್ನಿಯಲ್ಲಿ ಕಲ್ಲಾಗುವುದೇ ಕಿಡ್ನಿ ಫೇಲ್. ಬಾಳೆದಿಂಡಿನ ರಸ ಕುಡಿದರೆ ಹೋಗುತ್ತದೆ.
2. ಮೂತ್ರ ಬರುತ್ತಿದ್ದರೆ ಕಿಡ್ನಿ ಚೆನ್ನಾಗಿದೆ ಎಂದರ್ಥ.
3. ಕುಡಿತದ ಚಟ ಇರುವವರಿಗೆ ಬರುವ ಕಾಯಿಲೆ ಇದು.
4. ಚೆನ್ನಾಗಿ ನೀರು ಮತ್ತು ಎಳನೀರು ಕುಡಿದರೆ ಸರಿಹೋಗುತ್ತದೆ.
5. ಡಯಾಲಿಸಿಸ್ ಎಂದರೆ ಕೊನೆಯ ಹಂತ. ಒಮ್ಮೆ ಹಾಕಿದರೆ ಬಿಡುವ ಹಾಗಿಲ್ಲ.

ಮೂರನೆಯದು ಕೇವಲ ತಪ್ಪು ಮಾಹಿತಿಯಲ್ಲ, ಅದರಲ್ಲಿ ಆರೋಪವೂ ಇದೆ. ಮನೆಯಲ್ಲಿ ಕಾಯಿಲೆಯವರಿರುವ ಮಗು ಅದೇ ಬೆಂಚಿನಲ್ಲಿ ಕುಳಿತು ಇದನ್ನು ಕೇಳುತ್ತಿರಬಹುದು. ಮೂತ್ರಪಿಂಡ ಸೋಲಲು ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದ ಏರೊತ್ತಡ. ಇವಲ್ಲದೆ ಗ್ಲೊಮೆರುಲಸ್‌ನ ಉರಿಯೂತ, ವಂಶವಾಹಿಯಿಂದ ಬರುವ ಗುಳ್ಳೆ ತುಂಬಿದ ಮೂತ್ರಪಿಂಡ, ಮೂತ್ರದ ದಾರಿಯಲ್ಲಿ ತಡೆ, ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಗಳೂ ಕಾರಣವಾಗುತ್ತವೆ. ಈ ಪಟ್ಟಿಯನ್ನು ಪಾಠದ ಆರಂಭದಲ್ಲೇ ಕಪ್ಪುಹಲಗೆಯ ಮೇಲೆ ಬರೆದೆ. ಯಾರನ್ನೂ ದೂರದೆ ಮುಂದುವರಿಯಲು ಅದು ನೆರವಾಯಿತು.

ಮೊದಲ ಅವಧಿ: ತೊಡಗಿಸಿಕೊಳ್ಳುವುದು

ಪಾಠವನ್ನು ‘ಫೇಲ್’ ಎಂಬ ಪದದಿಂದಲೇ ಆರಂಭಿಸಿದೆ. ಎಸ್ಸೆಸ್ಸೆಲ್ಸಿ ತರಗತಿಯಲ್ಲಿ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪಾಸು ಅಥವಾ ಫೇಲು, ನಡುವೆ ಏನೂ ಇಲ್ಲ. ಮೂತ್ರಪಿಂಡದ ವಿಷಯದಲ್ಲಿ ನಡುವೆಯೇ ಎಲ್ಲವೂ ಇದೆ ಎಂದು ತೋರಿಸಲು ಹಲಗೆಯ ಮೇಲೆ 120ರಿಂದ 0ವರೆಗೆ ಇಳಿಯುವ ಒಂದು ಓರೆಗೆರೆ ಎಳೆದೆ. ಇದು ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ದ್ರವ ಸೋಸುತ್ತವೆ ಎಂಬ ಲೆಕ್ಕ. ಆಸ್ಪತ್ರೆಯ ವರದಿಯಲ್ಲಿ ಇದನ್ನು ಜಿಎಫ್‌ಆರ್ ಎಂದು ಬರೆದಿರುತ್ತಾರೆ. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ, ವಯಸ್ಸು, ಗಂಡು ಹೆಣ್ಣು ಎಂಬುದನ್ನು ಸೇರಿಸಿ ಅಂದಾಜು ಮಾಡುತ್ತಾರೆ. ಗೆರೆಯ ಮೇಲೆ 90, 60, 30, 15 ಎಂದು ಗುರುತು ಹಾಕಿಸಿದೆ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯನ್ನು ವೈದ್ಯರು ಐದು ಹಂತಗಳಾಗಿ ವಿಂಗಡಿಸುವುದು ಈ ಗುರುತುಗಳ ಮೇಲೆ. 15ಕ್ಕಿಂತ ಕೆಳಗೆ ಬಂದರೆ ಐದನೆಯ ಹಂತ. ಜನ ‘ಫೇಲ್’ ಎನ್ನುವುದು ಸಾಮಾನ್ಯವಾಗಿ ಇದನ್ನೇ.

‘ಈ ಇಳಿಜಾರಿನಲ್ಲಿ ಒಬ್ಬರು ಎಷ್ಟು ಕಾಲ ಇರಬಹುದು?’ ಎಂದು ಕೇಳಿದೆ. ಮಕ್ಕಳು ‘ಒಂದು ವಾರ’, ‘ಒಂದು ತಿಂಗಳು’ ಎಂದರು. ಹಲವು ವರ್ಷಗಳೂ ಇರಬಹುದು, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿದ್ದರೆ ಇಳಿಕೆ ನಿಧಾನವಾಗುತ್ತದೆ, ಎಷ್ಟೋ ಜನರಿಗೆ ಡಯಾಲಿಸಿಸ್‌ನ ಹಂತ ಬರುವುದೇ ಇಲ್ಲ ಎಂದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಇಲ್ಲಿಂದ ಮುಂದೆ ‘ಫೇಲ್’ ಎಂಬ ಪದದ ಬದಲು ‘ಎಷ್ಟು ಕೆಲಸ ಮಾಡುತ್ತಿದೆ?’ ಎಂದು ಕೇಳುವುದು ನಮ್ಮ ತರಗತಿಯ ರೂಢಿಯಾಯಿತು.

ಇದಕ್ಕೆ ಸೇರಿಸಬೇಕಾದ ಇನ್ನೊಂದು ವ್ಯತ್ಯಾಸವಿದೆ. ಹಠಾತ್ತಾಗಿ ಮೂತ್ರಪಿಂಡ ಕೆಲಸ ನಿಲ್ಲಿಸುವುದೂ ಉಂಟು. ಕೊಳಕುಮಂಡಲ ಹಾವಿನ ಕಡಿತ, ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣುವ ಇಲಿಜ್ವರ, ತೀವ್ರ ವಾಂತಿಭೇದಿ ಇದಕ್ಕೆ ಉದಾಹರಣೆ. ಇಂಥವರಲ್ಲಿ ಹಲವರಿಗೆ ಕೆಲವು ದಿನ ಅಥವಾ ವಾರ ಡಯಾಲಿಸಿಸ್ ಕೊಟ್ಟ ಮೇಲೆ ಮೂತ್ರಪಿಂಡ ಚೇತರಿಸಿಕೊಂಡು ಅದನ್ನು ನಿಲ್ಲಿಸುತ್ತಾರೆ. ‘ಒಮ್ಮೆ ಹಾಕಿದರೆ ಬಿಡುವ ಹಾಗಿಲ್ಲ’ ಎಂಬ ಮಾತು ಇವರಿಗೆ ಹೊಂದುವುದಿಲ್ಲ. ದೀರ್ಘಕಾಲದ ಕಾಯಿಲೆಯಲ್ಲಿ ಮಾತ್ರ ಮೂತ್ರಪಿಂಡ ಮೊದಲಿನಂತಾಗುವುದಿಲ್ಲ. ಅಲ್ಲಿ ಡಯಾಲಿಸಿಸ್ ಮುಂದುವರಿಯಬೇಕು ಅಥವಾ ಕಸಿ ಆಗಬೇಕು. ಇದನ್ನು ಮುಚ್ಚಿಡದೆ ಹೇಳಬೇಕು.

ಅನ್ವೇಷಿಸುವುದು: ಎರಡು ಲೆಕ್ಕ, ಒಂದು ಪ್ರಯೋಗ

ಪ್ರಯೋಗಕ್ಕೆ ಸಮಯ ಬೇಕಾದ್ದರಿಂದ ಅದನ್ನು ಅವಧಿಯ ಮೊದಲ ನಿಮಿಷಗಳಲ್ಲೇ ಹೂಡಿಟ್ಟಿದ್ದೆ. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಅನ್ನದ ತಿಳಿಗಂಜಿ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಹೊರಭಾಗ ತೊಳೆದು, ಅಯೋಡಿನ್ ದ್ರಾವಣ ಬೆರೆಸಿದ ನೀರಿನ ಬೀಕರಿನಲ್ಲಿ ಇಳಿಬಿಡಬೇಕು. ಸುಮಾರು ಅರ್ಧ ಗಂಟೆಯಲ್ಲಿ ಕವರಿನ ಒಳಗೆ ನೀಲಿಗಪ್ಪು ಬಣ್ಣ ಬರುತ್ತದೆ. ಹೊರಗಿನ ನೀರು ನೀಲಿಯಾಗುವುದಿಲ್ಲ. ಅಂದರೆ ಸಣ್ಣ ಅಯೋಡಿನ್ ಅಣು ಪೊರೆ ದಾಟಿ ಒಳಗೆ ಹೋಗಿದೆ, ದೊಡ್ಡ ಪಿಷ್ಟದ ಅಣು ದಾಟಿ ಹೊರಗೆ ಬಂದಿಲ್ಲ.

ಬಣ್ಣ ಬರುವವರೆಗೆ ಮಕ್ಕಳು ಲೆಕ್ಕ ಮಾಡಿದರು. ಮೊದಲ ಲೆಕ್ಕ: ಆರೋಗ್ಯವಂತರಲ್ಲಿ ನಿಮಿಷಕ್ಕೆ 125 ಮಿಲಿಲೀಟರ್ ಸೋಸಿದರೆ ದಿನಕ್ಕೆ ಎಷ್ಟು? 125 × 1440, ಅಂದರೆ 180 ಲೀಟರ್. ಪಠ್ಯದಲ್ಲಿ ಕೊಟ್ಟಿರುವ ಸಂಖ್ಯೆ ಮಕ್ಕಳ ಕೈಯಲ್ಲೇ ಬಂತು. ಹೊರಬರುವ ಮೂತ್ರ ಒಂದೆರಡು ಲೀಟರ್ ಮಾತ್ರ, ಉಳಿದದ್ದೆಲ್ಲ ಮರುಹೀರಿಕೆ. ಎರಡನೆಯ ಲೆಕ್ಕ: ನಿಮಿಷಕ್ಕೆ 15 ಮಿಲಿಲೀಟರ್ ಮಾತ್ರ ಸೋಸಿದರೆ? 15 × 1440, ಅಂದರೆ 21.6 ಲೀಟರ್. ‘21 ಲೀಟರ್ ಸೋಸುವವರಿಗೆ ಒಂದೂವರೆ ಲೀಟರ್ ಮೂತ್ರ ಬರಲು ಸಾಧ್ಯವೇ?’ ಎಂದು ಕೇಳಿದಾಗ ಉತ್ತರ ಅವರಿಗೇ ಹೊಳೆಯಿತು. ಮೂತ್ರ ಬರುತ್ತಿರುತ್ತದೆ, ಆದರೆ 180 ಲೀಟರಿನಿಂದ ತೆಗೆಯಬೇಕಾದ ತ್ಯಾಜ್ಯ 21 ಲೀಟರಿನಿಂದ ಮಾತ್ರ ಹೋಗುತ್ತಿರುತ್ತದೆ. ಚೀಟಿಯಲ್ಲಿದ್ದ ಎರಡನೆಯ ತಪ್ಪು ಗ್ರಹಿಕೆ ಉಪನ್ಯಾಸವಿಲ್ಲದೆ ಒಂದು ಗುಣಾಕಾರದಿಂದ ಹೋಯಿತು. ಊರಿನಲ್ಲಿ ‘ನೀರು ಸಲೀಸಾಗಿ ಹೋಗುತ್ತಿದೆ, ಡಾಕ್ಟರು ಸುಮ್ಮನೆ ಹೆದರಿಸುತ್ತಾರೆ’ ಎಂದು ಚಿಕಿತ್ಸೆ ಬಿಡುವವರ ತರ್ಕ ಎಲ್ಲಿ ತಪ್ಪುತ್ತದೆ ಎಂಬುದಕ್ಕೂ ಇದೇ ಉತ್ತರ.

ವಿವರಿಸುವುದು

ಮೂತ್ರಪಿಂಡವನ್ನು ಜರಡಿಗೆ ಹೋಲಿಸುವುದು ನಮ್ಮಲ್ಲಿ ವಾಡಿಕೆ. ಡಯಾಲಿಸಿಸ್ ವಿವರಿಸುವಾಗ ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಜರಡಿಯಲ್ಲಿ ಬೇಡದ್ದು ಮೇಲೆ ಉಳಿಯುತ್ತದೆ, ಇಲ್ಲಿ ಬೇಡದ್ದೇ ದಾಟಿ ಹೋಗುತ್ತದೆ. ಯಂತ್ರದಲ್ಲಿ ರಕ್ತ ಒಂದು ಕಡೆ, ಡಯಾಲಿಸಿಸ್ ದ್ರವ ಇನ್ನೊಂದು ಕಡೆ, ನಡುವೆ ಅರೆಪಾರಕ ಪೊರೆ. ರಕ್ತದಲ್ಲಿ ಯೂರಿಯಾ ಹೆಚ್ಚು, ದ್ರವದಲ್ಲಿ ಯೂರಿಯಾ ಇಲ್ಲ. ಆದ್ದರಿಂದ ಯೂರಿಯಾ ಹೆಚ್ಚು ಸಾರತೆಯಿಂದ ಕಡಿಮೆ ಸಾರತೆಯ ಕಡೆಗೆ ತಾನಾಗಿ ಸಾಗುತ್ತದೆ. ಇದು ವಿಸರಣೆ. ರಕ್ತಕಣ ಮತ್ತು ಪ್ರೋಟೀನ್ ದೊಡ್ಡವು, ಅವು ಉಳಿಯುತ್ತವೆ. ನಮ್ಮ ಪ್ರಯೋಗದಲ್ಲಿ ಅಯೋಡಿನ್ ಹೊರಗಿನಿಂದ ಒಳಕ್ಕೆ ಹೋಯಿತು, ಯಂತ್ರದಲ್ಲಿ ಯೂರಿಯಾ ರಕ್ತದಿಂದ ಹೊರಕ್ಕೆ ಬರುತ್ತದೆ. ದಿಕ್ಕು ನಿರ್ಧರಿಸುವುದು ಯಾವ ಕಡೆ ಹೆಚ್ಚಿದೆ ಎಂಬುದೇ.

ಇಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರು ಗಮನಿಸಬೇಕಾದ ಒಂದು ಸಂಗತಿ ಇದೆ. ‘ವಿಸರಣೆ’ ಮತ್ತು ‘ವಿಸರ್ಜನೆ’ ಎಂಬ ಪದಗಳು ಕಿವಿಗೆ ಒಂದೇ ರೀತಿ ಕೇಳಿಸುತ್ತವೆ. ಅದೇ ಪಾಠದಲ್ಲಿ ಎರಡೂ ಬಂದಾಗ ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ಎರಡನ್ನೂ ಹಲಗೆಯ ಎರಡು ಬದಿಗೆ ಬರೆದು, ವಿಸರಣೆಯ ಕೆಳಗೆ ‘ಊದುಬತ್ತಿಯ ವಾಸನೆ ಕೋಣೆಯೆಲ್ಲ ಹರಡುವುದು’ ಎಂದೂ ವಿಸರ್ಜನೆಯ ಕೆಳಗೆ ‘ದೇಹದ ತ್ಯಾಜ್ಯ ಹೊರಹೋಗುವುದು’ ಎಂದೂ ಬರೆಸಿದರೆ ಗೊಂದಲ ಕಡಿಮೆಯಾಗುತ್ತದೆ.

‘ಹೊರಗೆ ಬರೀ ನೀರು ಇಟ್ಟರೆ ಸಾಲದೇ?’ ಎಂದು ಒಬ್ಬ ಹುಡುಗ ಕೇಳಿದ. ಬರೀ ನೀರಿಟ್ಟರೆ ರಕ್ತದಲ್ಲಿರುವ ಬೇಕಾದ ಲವಣಗಳೂ ಹೊರಟುಹೋಗುತ್ತವೆ, ನೀರು ರಕ್ತದೊಳಗೆ ನುಗ್ಗುತ್ತದೆ. ಆದ್ದರಿಂದ ದ್ರವದಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಬೇಕಾದಷ್ಟು ಇರುತ್ತವೆ, ಪೊಟ್ಯಾಸಿಯಂ ಕಡಿಮೆ ಇರುತ್ತದೆ, ಯೂರಿಯಾ ಇರುವುದಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ ಎಷ್ಟಾಯಿತು? 120 ಲೀಟರ್. ಒಬ್ಬರಿಗೆ, ಒಂದು ಸಲಕ್ಕೆ. ಅಷ್ಟೂ ಶುದ್ಧೀಕರಿಸಿದ ನೀರಾಗಿರಬೇಕು. ಕೊಡಗಳ ಲೆಕ್ಕದಲ್ಲಿ ನೀರು ಹಿಡಿಯುವ ಊರಿನ ಮಕ್ಕಳಿಗೆ ಈ ಸಂಖ್ಯೆಯ ಭಾರ ಕೂಡಲೇ ತಿಳಿಯಿತು.

ಮೊದಲ ಅವಧಿಯ ಕೊನೆಯ ಪ್ರಶ್ನೆ: ಯಂತ್ರ ಮೂತ್ರಪಿಂಡಕ್ಕೆ ಸಮನೇ? ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಒಟ್ಟು 12 ಗಂಟೆ. ವಾರಕ್ಕೆ ಇರುವುದು 168 ಗಂಟೆ. ಅಂದರೆ ಮೂತ್ರಪಿಂಡ ಹಗಲು ರಾತ್ರಿ ಮಾಡುವ ಕೆಲಸವನ್ನು ಯಂತ್ರ ಹದಿನಾಲ್ಕರಲ್ಲಿ ಒಂದು ಪಾಲು ಹೊತ್ತಿನಲ್ಲಿ ಮಾಡಬೇಕು. ಉಳಿದ 156 ಗಂಟೆ ನೀರು, ಪೊಟ್ಯಾಸಿಯಂ, ಯೂರಿಯಾ ಒಳಗೇ ಸೇರುತ್ತಿರುತ್ತವೆ. ಪಥ್ಯ ಯಾಕೆ ಬೇಕು, ಒಂದು ಸರದಿ ತಪ್ಪಿಸಿದರೆ ಯಾಕೆ ಉಸಿರು ಕಟ್ಟುತ್ತದೆ ಎಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ. ಇದಲ್ಲದೆ ಮೂತ್ರಪಿಂಡ ರಕ್ತಕಣಗಳ ಉತ್ಪತ್ತಿಗೆ ಬೇಕಾದ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ಡಿ ಜೀವಸತ್ವವನ್ನು ಕ್ರಿಯಾಶೀಲಗೊಳಿಸುತ್ತದೆ. ಯಂತ್ರ ಇವೆರಡನ್ನೂ ಮಾಡದು. ಅದಕ್ಕೇ ರಕ್ತಹೀನತೆಗೆ ಚುಚ್ಚುಮದ್ದು, ಮೂಳೆಗಾಗಿ ಮಾತ್ರೆ ಬೇಕಾಗುತ್ತವೆ.

ಎರಡನೆಯ ಅವಧಿ: ಬಾಗಿಲಿನ ಕಥೆ

ಎರಡನೆಯ ಅವಧಿಯನ್ನು ವಿಜ್ಞಾನದ ಇತಿಹಾಸದಿಂದ ಆರಂಭಿಸಿದೆ. 1943ರಲ್ಲಿ, ಜರ್ಮನಿಯ ವಶದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಕಾಂಪನ್ ಎಂಬ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ಯುದ್ಧಕಾಲದ ಕೊರತೆಯ ನಡುವೆ ಮರದ ಪಟ್ಟಿಗಳ ಉರುಳೆಗೆ ಸೆಲೊಫೇನ್ ಕೊಳವೆ ಸುತ್ತಿ ಕೃತಕ ಮೂತ್ರಪಿಂಡ ಕಟ್ಟಿದರು. ಆ ಕೊಳವೆ ಮಾಂಸದ ಸಾಸೇಜಿಗೆ ಹೊದಿಕೆಯಾಗಿ ಬಳಸುತ್ತಿದ್ದಂಥದ್ದು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಸೋಫಿಯಾ ಶಾಫ್‌ಸ್ಟಾಟ್ ಎಂಬ ಮಹಿಳೆ ಪ್ರಜ್ಞಾಹೀನ ಸ್ಥಿತಿಯಿಂದ ಎದ್ದು ಚೇತರಿಸಿಕೊಂಡರು.

‘ಯಂತ್ರ ಸಿದ್ಧವಾಯಿತಲ್ಲ, ಅಂದಿನಿಂದಲೇ ಎಲ್ಲರಿಗೂ ವರ್ಷಗಟ್ಟಲೆ ಡಯಾಲಿಸಿಸ್ ಕೊಡಬಹುದಿತ್ತಲ್ಲವೇ?’ ಎಂದು ಕೇಳಿದೆ. ಕೊಡಲಾಗುತ್ತಿರಲಿಲ್ಲ. ಪ್ರತಿ ಸಲವೂ ರಕ್ತನಾಳವನ್ನು ಕೊಯ್ದು ಕೊಳವೆ ತೂರಿಸಬೇಕಿತ್ತು. ಕೆಲವು ಸಲ ಆದ ಮೇಲೆ ಬಳಸಲು ನಾಳವೇ ಉಳಿಯುತ್ತಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಸಂಗಡಿಗರು ಕೈಯಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ರೂಪಿಸಿದರು. ಅದನ್ನು ಮೊದಲು ಅಳವಡಿಸಿಕೊಂಡ ಕ್ಲೈಡ್ ಶೀಲ್ಡ್ಸ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ ಮತ್ತು ಚಿಮಿನೊ ಅವರ ತಂಡ ಮುಂಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಚರ್ಮದ ಕೆಳಗೇ ಜೋಡಿಸುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿತು. ಇದೇ ಫಿಸ್ಟುಲಾ. ಇಂದಿಗೂ ಹೆಚ್ಚಿನವರಿಗೆ ಇದೇ ಒಳ್ಳೆಯ ಬಾಗಿಲು.

ಈ ಬಾಗಿಲನ್ನು ಮಾಡಿದ ದಿನವೇ ಬಳಸಲು ಬರುವುದಿಲ್ಲ. ಅಪಧಮನಿಯ ಒತ್ತಡಕ್ಕೆ ಅಭಿಧಮನಿ ದಪ್ಪವಾಗಿ ಬಲಿಯಲು ಸಾಮಾನ್ಯವಾಗಿ ಆರು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಮೊದಲೇ ಮಾಡಿಸಿಕೊಳ್ಳದವರು ಒಂದು ರಾತ್ರಿ ಉಸಿರಾಡಲಾಗದೆ ಆಸ್ಪತ್ರೆ ಸೇರಿದರೆ ಕುತ್ತಿಗೆಯ ನಾಳಕ್ಕೆ ತಾತ್ಕಾಲಿಕ ಕೊಳವೆ ಹಾಕಬೇಕಾಗುತ್ತದೆ. ಅದರಲ್ಲಿ ಸೋಂಕಿನ ಅಪಾಯ ಹೆಚ್ಚು. ಎಪ್ಪತ್ತೆಂಬತ್ತು ವರ್ಷಗಳ ಹಿಂದೆ ಜಗತ್ತಿನ ವೈದ್ಯರಿಗೆ ಎದುರಾದ ತೊಡಕೇ ಇಂದು ಒಂದೊಂದು ಮನೆಗೂ ಎದುರಾಗುತ್ತದೆ: ಯಂತ್ರ ಇದೆ, ಬಾಗಿಲು ಸಿದ್ಧವಿದೆಯೇ?

ವಿಸ್ತರಿಸುವುದು: ನಡುವಿನ ಕಾಲ

ಗುಂಪು ಚಟುವಟಿಕೆಗೆ ಒಂದು ಸನ್ನಿವೇಶವನ್ನು ಪಾಠಕ್ಕಾಗಿಯೇ ಕಟ್ಟಿದೆ. ‘ಒಬ್ಬ ಆಟೋ ಚಾಲಕರಿಗೆ 48 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಜಿಎಫ್‌ಆರ್ 18. ಆಟೋ ಓಡಿಸುತ್ತಿದ್ದಾರೆ. ಮುಂದೆ ಡಯಾಲಿಸಿಸ್ ಬೇಕಾಗಬಹುದು, ಈಗಲೇ ಕೈಗೆ ಫಿಸ್ಟುಲಾ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಯಾರೂ ಈ ಮಾತೆತ್ತುತ್ತಿಲ್ಲ.’ ಐದು ಗುಂಪುಗಳಿಗೆ ಐದು ಕೆಲಸ. ಮಾಹಿತಿ ಚೀಟಿಗಳನ್ನು ಮೊದಲೇ ಕೊಟ್ಟಿದ್ದೆ. ಹತ್ತು ನಿಮಿಷ ಚರ್ಚೆ, ನಂತರ ಮಂಡನೆ.

ಕೈಯ ಗುಂಪು: ಬಲಗೈಯಲ್ಲಿ ಕೆಲಸ ಮಾಡುವವರಾದರೆ ಸಾಮಾನ್ಯವಾಗಿ ಎಡಗೈಗೆ ಫಿಸ್ಟುಲಾ. ಅದಕ್ಕೆ ಮೊದಲೇ ಆ ಮುಂಗೈಯ ನಾಳಗಳನ್ನು ಚುಚ್ಚಿಸಿಕೊಳ್ಳದೆ ಕಾಪಾಡಿಕೊಳ್ಳಬೇಕು. ಮಾಡಿದ ಮೇಲೆ ಆ ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟಬಾರದು, ರಕ್ತ ತೆಗೆಯಬಾರದು, ಬಿಗಿಯಾದ ಗಡಿಯಾರ ಅಥವಾ ಬಳೆ ಹಾಕಬಾರದು. ಮುಟ್ಟಿದರೆ ಗುಂಯ್‌ಗುಡುವ ಕಂಪನ ಇರಬೇಕು. ಅದು ನಿಂತರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಡುಗೆಮನೆಯ ಗುಂಪು: ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿದ್ದರೆ ಎಳನೀರು, ಬಾಳೆಹಣ್ಣು, ಟೊಮ್ಯಾಟೊ ಬಗ್ಗೆ ಎಚ್ಚರ. ಎಳನೀರು ‘ತಂಪು’ ಎಂದು ನೆಂಟರು ತರುವುದು ಪ್ರೀತಿಯಿಂದಲೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮಿತಿಮೀರಿದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವ ಪುಡಿಗಳಲ್ಲೂ ಪೊಟ್ಯಾಸಿಯಂ ಇರುತ್ತದೆ. ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣು, ಪೂರ್ತಿ ಬೇಡ. ಅದರಲ್ಲಿರುವ ವಿಷಾಂಶವನ್ನು ಸೋತ ಮೂತ್ರಪಿಂಡ ಹೊರಹಾಕಲಾರದೆ ಅದು ಮೆದುಳಿಗೆ ತಾಕುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಬಳಸಿದರೆ ಪೊಟ್ಯಾಸಿಯಂ ಒಂದಷ್ಟು ಇಳಿಯುತ್ತದೆ. ಬಸ್ಸಾರು ಮಾಡುವ ಮನೆಯವರಿಗೆ ಬಸಿಯುವುದು ಗೊತ್ತು, ಆದರೆ ಬಸಿದ ನೀರೇ ಸಾರಾಗುತ್ತದೆ. ರೋಗಿಗೆ ಆ ನೀರು ಬೇಡ, ಕಾಳು ಪಲ್ಯ ಎಷ್ಟೆಂಬುದನ್ನೂ ಕೇಳಿಯೇ ಬಡಿಸಬೇಕು ಎಂದು ಗುಂಪಿನ ಹುಡುಗಿಯರೇ ಬಿಡಿಸಿ ಹೇಳಿದರು. ಪಥ್ಯ ಒಬ್ಬೊಬ್ಬರಿಗೆ ಒಂದೊಂದು ರೀತಿ, ರಕ್ತಪರೀಕ್ಷೆ ನೋಡಿ ವೈದ್ಯರು ಅಥವಾ ಆಹಾರತಜ್ಞರು ಹೇಳಬೇಕು ಎಂಬ ಸಾಲನ್ನು ಎಲ್ಲರಿಂದಲೂ ಬರೆಸಿದೆ.

ದುಡಿಮೆಯ ಗುಂಪು: ವಾರಕ್ಕೆ ಮೂರು ದಿನ, ಹೋಗಿಬರುವ ಹೊತ್ತೂ ಸೇರಿ ಅರ್ಧ ದಿನ. ಬೆಳಗಿನ ಸರದಿ ಸಿಕ್ಕರೆ ಸಂಜೆ ಸ್ವಲ್ಪ ಹೊತ್ತು ಆಟೋ ಓಡಿಸಬಹುದೇ, ಅಂದು ಸುಸ್ತು ಹೆಚ್ಚೇ ಎಂದು ನೋಡಬೇಕು. ಕೇಂದ್ರ ದೂರವಿದ್ದರೆ ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆ ವೈದ್ಯರನ್ನು ಕೇಳಬಹುದು. ಅದರಲ್ಲಿ ಹೊಟ್ಟೆಯೊಳಗಿನ ಪೊರೆಯೇ ಶೋಧಕ. ಸುಮಾರು ಎರಡು ಲೀಟರ್ ದ್ರವವನ್ನು ಕೊಳವೆಯ ಮೂಲಕ ತುಂಬಿ, ಕೆಲವು ಗಂಟೆ ಬಿಟ್ಟು ಹೊರತೆಗೆಯುವುದು, ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ, ಮನೆಯಲ್ಲೇ. ಕೈ ಮತ್ತು ಕೋಣೆಯ ಶುಚಿ ಮಾತ್ರ ಕಟ್ಟುನಿಟ್ಟಾಗಿರಬೇಕು.

ಕಾಗದಪತ್ರದ ಗುಂಪು: ಸರ್ಕಾರಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಕೇಂದ್ರಗಳಿವೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡತನರೇಖೆಗಿಂತ ಕೆಳಗಿನವರಿಗೆ ಉಚಿತ ಸೇವೆಯ ಅವಕಾಶವಿದೆ. ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡು ಈಗಲೇ ಸರಿಪಡಿಸಿಕೊಳ್ಳಬೇಕು, ಸರದಿ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಕಸಿ ಸಾಧ್ಯವಿದ್ದರೆ ಡಯಾಲಿಸಿಸ್ ಆರಂಭವಾಗುವ ಮೊದಲೇ ಅದನ್ನು ಮಾಡಲೂಬಹುದು. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಹತ್ತಿರದ ಸಂಬಂಧಿಕರು ದಾನಿಗಳಾಗಬಹುದು. ಮಿದುಳು ನಿಷ್ಕ್ರಿಯಗೊಂಡವರಿಂದ ಸಿಗುವ ಅಂಗಕ್ಕಾಗಿ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು.

ಮಾತಿನ ಗುಂಪು: ಮನೆಯಲ್ಲಿ ಮೊದಲು ಯಾರು ಮಾತೆತ್ತಬೇಕು, ಏನು ಕೇಳಬೇಕು? ಈ ಗುಂಪು ವೈದ್ಯರಿಗೆ ಕೇಳುವ ಪ್ರಶ್ನೆಗಳ ಪಟ್ಟಿ ಮಾಡಿತು. ‘ನನ್ನ ಸಂಖ್ಯೆ ಈಗ ಎಷ್ಟು, ಕಳೆದ ಸಲ ಎಷ್ಟಿತ್ತು?’ ‘ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು?’ ‘ಯಾವ ಮಾತ್ರೆ ನುಂಗಬಾರದು?’ ‘ನನಗೆ ಕಸಿ ಆಗುತ್ತದೆಯೇ?’ ಒಂದು ವಾಕ್ಯವನ್ನು ಮಕ್ಕಳೇ ಸೇರಿಸಿದರು: ‘ಹೋಗುವಾಗ ಜೊತೆಗೆ ಒಬ್ಬರು ಹೋಗಿ, ಹೇಳಿದ್ದನ್ನು ಬರೆದುಕೊಳ್ಳಬೇಕು.’

ತರಗತಿಯಲ್ಲಿರುವ ಮಗು

ಈ ಪಾಠ ತೆಗೆದುಕೊಳ್ಳುವ ಮೊದಲು ತರಗತಿ ಶಿಕ್ಷಕಿಯನ್ನು ಕೇಳಿದ್ದೆ: ‘ಯಾರ ಮನೆಯಲ್ಲಾದರೂ ಈ ಕಾಯಿಲೆ ಇದೆಯೇ ಮೇಡಂ?’ ಒಬ್ಬ ಹುಡುಗಿಯ ತಂದೆಗೆ ಕೆಲವೇ ವಾರಗಳ ಹಿಂದೆ ಡಯಾಲಿಸಿಸ್ ವಿಷಯ ಹೇಳಿದ್ದಾರೆ ಎಂದು ತಿಳಿಯಿತು. ಈ ಕಾರಣಕ್ಕೆ ಪಾಠವನ್ನು ಬಿಡುವುದೂ ಸರಿಯಲ್ಲ, ಏನೂ ಗೊತ್ತಿಲ್ಲದಂತೆ ಮಾಡುವುದೂ ಸರಿಯಲ್ಲ. ಮೂರು ಕ್ರಮ ಕೈಗೊಂಡೆ. ಹಿಂದಿನ ದಿನ ತರಗತಿ ಶಿಕ್ಷಕಿಯ ಜೊತೆ ಅವಳನ್ನು ಕಂಡು ನಾಳೆ ಏನು ಪಾಠ ಎಂದು ಹೇಳಿ, ಬೇಡವೆನಿಸಿದರೆ ಗ್ರಂಥಾಲಯದಲ್ಲಿ ಕೂರಬಹುದು ಎಂದೆ. ಸನ್ನಿವೇಶದಲ್ಲಿ ಅವಳ ಮನೆಯ ಯಾವ ವಿವರವೂ ಹೋಲದಂತೆ ನೋಡಿಕೊಂಡೆ. ತರಗತಿಯಲ್ಲಿ ಅವಳ ಕಡೆ ತಿರುಗಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಅವಳು ಎರಡೂ ಅವಧಿ ಕುಳಿತಳು. ಅಡುಗೆಮನೆಯ ಗುಂಪನ್ನು ತಾನೇ ಆರಿಸಿಕೊಂಡಳು. ಬಸ್ಸಾರಿನ ಮಾತು ಬಂದಾಗ ಹೆಚ್ಚು ಮಾತಾಡಿದವಳೂ ಅವಳೇ. ಕೊನೆಯಲ್ಲಿ ಎಲ್ಲರೂ ಬರೆದುಕೊಡುವ ಚೀಟಿಯಲ್ಲಿ ಅವಳ ಪ್ರಶ್ನೆ ಹೀಗಿತ್ತು: ‘ಅಪ್ಪ ಇನ್ನೂ ಓಡಾಡ್ತಿದ್ದಾರಲ್ಲ ಮಿಸ್, ಕೈಗೆ ಆಪರೇಷನ್ ಈಗಲೇ ಯಾಕೆ?’ ಹೆಸರು ಬರೆಯಬೇಕಿರಲಿಲ್ಲ, ಬರೆದಿದ್ದಳು. ಚೀಟಿಯ ಹಿಂದೆಯೇ ಉತ್ತರ ಬರೆದೆ: ‘ಓಡಾಡುತ್ತಿರುವುದರಿಂದಲೇ ಈಗ. ಕೈ ಬಲಿಯಲು ಸಮಯ ಬೇಕು. ಇದು ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದ ಹಾಗೆ. ಉಳಿದದ್ದನ್ನು ಅಪ್ಪನ ವೈದ್ಯರನ್ನೇ ಕೇಳಿ, ಮಾತಿನ ಗುಂಪಿನ ಪಟ್ಟಿ ನಿನ್ನ ಹತ್ತಿರ ಇದೆಯಲ್ಲ.’ ಪಟ್ಟಿಯನ್ನು ಅವಳು ನೋಟ್‌ಬುಕ್‌ನಲ್ಲಿ ಪೂರ್ತಿ ಬರೆದುಕೊಂಡಿದ್ದಳು. ಆಮೇಲೆ ತರಗತಿ ಶಿಕ್ಷಕಿ ಅವಳ ತಾಯಿಯನ್ನು ಕರೆಸಿ ಮಾತಾಡಿದರು. ಆ ಮಾತಿನಲ್ಲಿ ಪ್ರಶಿಕ್ಷಣಾರ್ಥಿಗೆ ಸ್ಥಾನವಿಲ್ಲ, ನಾನು ಹೋಗಲಿಲ್ಲ.

ಇನ್ನೊಂದು ಪ್ರಶ್ನೆಗೆ ಶಿಕ್ಷಕರು ಸಿದ್ಧರಾಗಿರಬೇಕು. ‘ಡಯಾಲಿಸಿಸ್ ಮಾಡಿಸ್ಕೊಂಡ್ರೆ ಎಷ್ಟು ವರ್ಷ ಬದುಕ್ತಾರೆ ಮಿಸ್?’ ಎಂದು ಒಬ್ಬ ಎದ್ದು ಕೇಳಿದ. ವಯಸ್ಸು, ಹೃದಯದ ಸ್ಥಿತಿ, ಬೇರೆ ಕಾಯಿಲೆ, ಸರದಿ ತಪ್ಪಿಸದಿರುವುದು, ಇವೆಲ್ಲದರ ಮೇಲೆ ಅದು ನಿಂತಿದೆ. ಕೆಲವರು ದಶಕಗಳ ಕಾಲ ಇದ್ದಾರೆ, ಕೆಲವರಿಗೆ ಅಷ್ಟು ಕಾಲ ಸಿಕ್ಕಿಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಹೇಳಬಲ್ಲವರು ಅವರನ್ನು ನೋಡುವ ವೈದ್ಯರು ಮಾತ್ರ. ಇಷ್ಟನ್ನೇ ಹೇಳಿದೆ. ‘ಏನೂ ಆಗುವುದಿಲ್ಲ’ ಎಂಬ ಸಮಾಧಾನದ ಮಾತು ಮನೆಯಲ್ಲಿ ನಿಜ ಕಂಡಿರುವ ಮಗುವಿಗೆ ಸುಳ್ಳೆಂದು ತಿಳಿಯುತ್ತದೆ, ಆಮೇಲೆ ಅದು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಮೌಲ್ಯಮಾಪನ ಮತ್ತು ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಘಟಕ ಪರೀಕ್ಷೆಗೆ ನೆಫ್ರಾನ್ ಚಿತ್ರದ ಜೊತೆ ಮೂರು ಅನ್ವಯ ಪ್ರಶ್ನೆಗಳನ್ನು ಸೇರಿಸಬಹುದು. ‘ಮೂತ್ರ ಬರುತ್ತಿದ್ದರೂ ಮೂತ್ರಪಿಂಡ ಸೋತಿರಬಹುದು. ಲೆಕ್ಕದೊಂದಿಗೆ ಸಮರ್ಥಿಸಿ.’ ‘ಡಯಾಲಿಸಿಸ್ ದ್ರವದಲ್ಲಿ ಯೂರಿಯಾ ಯಾಕಿರುವುದಿಲ್ಲ, ಸೋಡಿಯಂ ಯಾಕಿರುತ್ತದೆ?’ ‘ಡಯಾಲ�ಿಸಿಸ್ ರೋಗಿಗೆ ಎಳನೀರು ತಂದ ನೆಂಟರಿಗೆ ನೀವು ವಿನಯದಿಂದ ಹೇಗೆ ವಿವರಿಸುವಿರಿ?’ ಮೂರನೆಯದಕ್ಕೆ ನಮ್ಮ ತರಗತಿಯಲ್ಲಿ ಬಂದ ಉತ್ತರಗಳು ಅತ್ಯಂತ ಜೀವಂತವಾಗಿದ್ದವು. ವಿಜ್ಞಾನದ ಕಾರಣ ಹೇಳಬೇಕು, ನೆಂಟರ ಮನಸ್ಸೂ ನೋಯಬಾರದು ಎಂಬ ಎರಡು ಹೊಣೆ ಅದರಲ್ಲಿದೆ.

ಎರಡು ಅವಧಿ ಸಿಗದವರು ಒಂದರಲ್ಲೇ ಮುಗಿಸಬೇಕಾದರೆ ಇತಿಹಾಸವನ್ನು ಬಿಡಬಹುದು, ಇಳಿಜಾರಿನ ಗೆರೆ ಮತ್ತು ಎರಡು ಲೆಕ್ಕಗಳನ್ನು ಬಿಡಬಾರದು. ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಮೂತ್ರಪಿಂಡ ದಿನ. ಆ ಹೊತ್ತಿಗೆ ಪರೀಕ್ಷೆ ಹತ್ತಿರವಿರುವುದರಿಂದ ಹತ್ತನೆಯ ತರಗತಿಗೆ ಕಾರ್ಯಕ್ರಮ ಕಷ್ಟ, ಎಂಟು ಮತ್ತು ಒಂಬತ್ತನೆಯ ತರಗತಿಗೆ ಮಾಡಬಹುದು. ಸಮೀಪದ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ತಂತ್ರಜ್ಞರನ್ನು ಮುಖ್ಯ ಶಿಕ್ಷಕರ ಅನುಮತಿಯೊಂದಿಗೆ ಶಾಲೆಗೆ ಕರೆಯಿರಿ. ಮಕ್ಕಳನ್ನು ಕೇಂದ್ರಕ್ಕೆ ಕರೆದೊಯ್ಯುವುದು ಬೇಡ, ಅಲ್ಲಿ ಮಲಗಿರುವವರು ಪ್ರದರ್ಶನದ ವಸ್ತುಗಳಲ್ಲ. ತಂತ್ರಜ್ಞರು ಬರುವಾಗ ಬಳಸದ ಒಂದು ಡಯಾಲೈಸರ್ ತಂದರೆ ಸಾಕು. ಆ ಪಾರದರ್ಶಕ ಕೊಳವೆಯೊಳಗೆ ಕೂದಲೆಳೆಯಂಥ ಸಾವಿರಾರು ನಳಿಕೆಗಳಿರುತ್ತವೆ. ಅದನ್ನು ಮಕ್ಕಳ ಕೈಗೆ ಕೊಟ್ಟು, ರಕ್ತ ಎಲ್ಲಿ ಹರಿಯುತ್ತದೆ, ದ್ರವ ಎಲ್ಲಿ ಹರಿಯುತ್ತದೆ ಎಂದು ಅವರನ್ನೇ ಕೇಳಿ.